ಸೆಕೆಂಡ್‌ಹ್ಯಾಂಡ್ ಸಿಆರ್‌ಒ, ಮೀಟರು, ಪವರ್ ಸಪ್ಲೈ: ದುಡ್ಡು ಕೊಡುವ ಮುಂಚೆ ನೋಡಬೇಕಾದ್ದು

ಮನೆಯಲ್ಲಿ ಹವ್ಯಾಸಕ್ಕೆ ಎಲೆಕ್ಟ್ರಾನಿಕ್ಸ್ ರಿಪೇರಿ ಮಾಡುವ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಓದುಗರು ಹಳೇ ಪರೀಕ್ಷಾ ಉಪಕರಣಗಳ ಬಗ್ಗೆ ಕೇಳಿದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಸಿಆರ್‌ಒ ಅಥವಾ ಸ್ಕೋಪು ಎಂದರೆ ವೋಲ್ಟೇಜಿನ ಏರಿಳಿತವನ್ನು ಪರದೆ ಮೇಲೆ ಗೆರೆಯಾಗಿ ತೋರಿಸುವ ಉಪಕರಣ, ಆ ಗೆರೆಯೇ ಟ್ರೇಸ್.

ಪ್ರಶ್ನೆ: ಕಾಲೇಜು ಲ್ಯಾಬಿನಲ್ಲಿ ಕಂಡಮ್ ಆದ 20 ಮೆಗಾಹರ್ಟ್ಜ್, ಎರಡು ಚಾನೆಲ್ ಸಿಆರ್‌ಒ ಒಂದು ಗುಜರಿಯವರ ಹತ್ತಿರ ಇದೆ. ನಾನು ಆಂಪ್ಲಿಫೈಯರ್, ಯುಪಿಎಸ್, ಟಿವಿ ಪವರ್ ಬೋರ್ಡ್ ರಿಪೇರಿ ಮಾಡುತ್ತೇನೆ. ತಗೊಳ್ಳಬಹುದೇ? ಅಲ್ಲೇ ನಿಂತು ಏನೇನು ನೋಡಬೇಕು? — ಓದುಗರು, ಹಾಸನ

ಉತ್ತರ: ನಿಮ್ಮ ಕೆಲಸಕ್ಕೆ 20 ಮೆಗಾಹರ್ಟ್ಜ್ ಧಾರಾಳವಾಗಿ ಸಾಕು. ಆಡಿಯೋ 20 ಕಿಲೋಹರ್ಟ್ಜ್‌ಗೆ ಮುಗಿಯುತ್ತದೆ, ಟಿವಿಯ ಪವರ್ ಬೋರ್ಡು ಸಾಮಾನ್ಯವಾಗಿ ಕೆಲವು ಹತ್ತು ಕಿಲೋಹರ್ಟ್ಜ್‌ನಿಂದ ನೂರು ಚಿಲ್ಲರೆ ಕಿಲೋಹರ್ಟ್ಜ್‌ವರೆಗೆ ಸ್ವಿಚ್ ಆಗುತ್ತದೆ. 0.35ನ್ನು ಬ್ಯಾಂಡ್‌ವಿಡ್ತ್‌ನಿಂದ ಭಾಗಿಸಿದರೆ ಸ್ಕೋಪು ತೋರಿಸಬಲ್ಲ ಅತಿ ವೇಗದ ಅಂಚು ಸಿಗುತ್ತದೆ. 20 ಮೆಗಾಹರ್ಟ್ಜ್‌ಗೆ ಅದು 17.5 ನ್ಯಾನೋಸೆಕೆಂಡ್. ಪವರ್ ಬೋರ್ಡಿನ ಗೇಟ್ ಸಿಗ್ನಲ್ ನೋಡಲು ಅಷ್ಟು ಸಾಲದೇ ಇರುವುದು ಅಪರೂಪ. ಒಂದೇ ಸಲ ಬಂದುಹೋಗುವ ಪಲ್ಸನ್ನು ಮಾತ್ರ ಇದು ಹಿಡಿದಿಡಲಾರದು. ಮೈಕ್ರೋಕಂಟ್ರೋಲರಿನ ಡೇಟಾ ಲೈನ್ ಓದಬೇಕಾದರೆ ಡಿಎಸ್‌ಒ (ಅಲೆಯನ್ನು ಮೆಮೊರಿಯಲ್ಲಿ ಹಿಡಿದಿಡುವ ಡಿಜಿಟಲ್ ಸ್ಕೋಪು) ಬೇಕೇ ಬೇಕು.

ನೋಡಲು ಹೋಗುವಾಗ ಒಂದು ಮಲ್ಟಿಮೀಟರು, ಹೊಸ ಎಎ ಸೆಲ್ಲು, ಚೆನ್ನಾಗಿರುವ ಪ್ರೋಬು ಮತ್ತು 100 ವ್ಯಾಟಿನ ಸೀರೀಸ್ ಬಲ್ಬು (ಉಪಕರಣಕ್ಕೆ ಹೋಗುವ ಕರೆಂಟಿನ ದಾರಿಯಲ್ಲೇ ಸೇರಿಸುವ ಬಲ್ಬು) ತೆಗೆದುಕೊಂಡು ಹೋಗಿ. ಬಲ್ಬು ತಂತಿಯದ್ದೇ ಆಗಿರಬೇಕು, ಎಲ್‌ಇಡಿ ಈ ಕೆಲಸಕ್ಕೆ ಬರುವುದಿಲ್ಲ.

ಮೊದಲ ಪರೀಕ್ಷೆಗೆ ಕರೆಂಟೇ ಬೇಡ. ಲ್ಯಾಬಿನ ಸಿಆರ್‌ಒಗಳಲ್ಲಿ ಹೆಚ್ಚು ಪೆಟ್ಟು ತಿಂದಿರುವುದು ಇನ್‌ಪುಟ್ಟು, ಯಾಕೆಂದರೆ ಯಾವಾಗಲೋ ಯಾರೋ ನೇರವಾಗಿ 230 ವೋಲ್ಟ್ ಕೊಟ್ಟಿರುತ್ತಾರೆ. ಕಪ್ಲಿಂಗ್ ಸ್ವಿಚ್ಚನ್ನು ಡಿಸಿಗೆ ಇಟ್ಟು, ಪ್ರೋಬು ಸಿಕ್ಕಿಸುವ ಬಿಎನ್‌ಸಿ ಸಾಕೆಟ್ಟಿನ ನಡುವಿನ ಪಿನ್ನಿಗೂ ಹೊರಗಿನ ಲೋಹಕ್ಕೂ ಮಲ್ಟಿಮೀಟರಿನಿಂದ ಓಮ್ಸ್ ಅಳೆಯಿರಿ. 1 ಮೆಗಾ ಓಮ್ ಆಸುಪಾಸು ಬರಬೇಕು. ವೋಲ್ಟ್ಸ್ ಪರ್ ಡಿವಿಷನ್ ನಾಬನ್ನು ಒಂದೊಂದೇ ಹಲ್ಲು ತಿರುಗಿಸುತ್ತಾ ಹೋಗಿ, ಪ್ರತಿ ಸ್ಥಾನದಲ್ಲೂ ಅದೇ 1 ಮೆಗಾ ಓಮ್ ನಿಲ್ಲಬೇಕು. ಒಂದು ಸ್ಥಾನದಲ್ಲಿ ಮಾತ್ರ 700 ಕಿಲೋ ಓಮ್‌ಗೆ ಇಳಿದರೆ ಅಥವಾ ಓಪನ್ ಆದರೆ ಆ ಅಟೆನ್ಯುಯೇಟರಿನ (ಸಿಗ್ನಲ್ ತಗ್ಗಿಸುವ ಭಾಗದ) ರೆಸಿಸ್ಟರು ಸುಟ್ಟಿದೆ, ಇಲ್ಲವೇ ಸ್ವಿಚ್ಚು ಹಾಳಾಗಿದೆ. ನಾಬು ಅಲುಗಿಸಿದಾಗ ಓದು ಕುಣಿದರೆ ಕಾಂಟ್ಯಾಕ್ಟಿನಲ್ಲಿ ಕೊಳೆ ಇದೆ ಅಂತ ಅರ್ಥ, ಅದು ತೊಳೆದರೆ ಹೋಗುತ್ತದೆ. ಎರಡನೇ ಚಾನೆಲ್ಲಿಗೂ ಇದನ್ನೇ ಮಾಡಿ. ಐದು ನಿಮಿಷದ ಈ ಕೆಲಸ ಮಿಕ್ಕೆಲ್ಲ ಪರೀಕ್ಷೆಗಿಂತ ಹೆಚ್ಚು ಹೇಳುತ್ತದೆ.

ಆಮೇಲೆ ಸೀರೀಸ್ ಬಲ್ಬಿನ ಮೂಲಕ ಕರೆಂಟು ಕೊಡಿ. ಬಲ್ಬು ಒಮ್ಮೆ ಹೊಳೆದು ಮಂಕಾಗಿ ನಿಂತರೆ ಸರಿ. ಪೂರ್ತಿ ಬೆಳಕಿನಲ್ಲೇ ಉಳಿದರೆ ಒಳಗೆ ಶಾರ್ಟ್ ಇದೆ, ತಕ್ಷಣ ಆಫ್ ಮಾಡಿ. ಮಂಕಾಗಿದ್ದರೆ ಬಲ್ಬು ತೆಗೆದು ನೇರ ಕರೆಂಟು ಕೊಟ್ಟು ಇಪ್ಪತ್ತು ನಿಮಿಷ ಬಿಡಿ. ಕಾಯುವಷ್ಟು ಹೊತ್ತಿನಲ್ಲಿ ಟ್ರೇಸ್ ಸ್ವಲ್ಪ ಸರಿಯುವುದು ಸಹಜ, ಬಿಸಿಯಾದ ಮೇಲೂ ಮೇಲೆ ಕೆಳಗೆ ಜಾರುತ್ತಲೇ ಇದ್ದರೆ ತಪ್ಪು.

ಟ್ರೇಸೇ ಬರಲಿಲ್ಲವೆಂದು ಸಿಆರ್‌ಒ ಸತ್ತಿದೆ ಅಂದುಕೊಳ್ಳಬೇಡಿ. ಟ್ರಿಗರ್ ಆಟೋದಲ್ಲಿದೆಯೇ, ಕಪ್ಲಿಂಗ್ ಗ್ರೌಂಡಿನಲ್ಲಿದೆಯೇ, ಪೊಸಿಷನ್ ನಾಬುಗಳು ನಡುವೆ ಇವೆಯೇ, ಎಕ್ಸ್-ವೈ ಬಟನ್ ಒತ್ತಿದ್ದಾರೆಯೇ ನೋಡಿ. ಎಕ್ಸ್-ವೈನಲ್ಲಿ ಬರೀ ಒಂದು ಚುಕ್ಕೆ ಬರುತ್ತದೆ. ಇಂಟೆನ್ಸಿಟಿ ಜಾಸ್ತಿ ಇಟ್ಟು ಆ ಚುಕ್ಕೆಯನ್ನು ಹಾಗೇ ಬಿಟ್ಟರೆ ಪರದೆಯ ಫಾಸ್ಫರ್ ಸುಡುತ್ತದೆ. ಆಫ್ ಆಗಿರುವಾಗ ಪರದೆಯ ನಡುವೆ ಕಂದು ಕಲೆ ಇದೆಯೇ ಎಂದು ಟಾರ್ಚು ಹಿಡಿದು ನೋಡಿ.

ಈಗ ಪ್ರೋಬನ್ನು ಒಂದರ (1x) ಸ್ಥಾನಕ್ಕಿಟ್ಟು ಅದರ ತುದಿಯನ್ನು ಬೆರಳಿನಿಂದ ಮುಟ್ಟಿ. ನಿಮ್ಮ ಮೈಯಲ್ಲಿ ಹರಿಯುವ ಲೈನಿನ ಹಮ್ ಪರದೆ ಮೇಲೆ ಅಲೆಯಾಗಿ ಏಳುತ್ತದೆ. 50 ಹರ್ಟ್ಜ್ ಅಂದರೆ 20 ಮಿಲಿಸೆಕೆಂಡು. ಟೈಂಬೇಸ್ 5 ಮಿಲಿಸೆಕೆಂಡಿನಲ್ಲಿದ್ದರೆ ಒಂದು ಅಲೆ ಸರಿಯಾಗಿ ನಾಲ್ಕು ಚೌಕ ತುಂಬಬೇಕು, 2ರಲ್ಲಿ ಹತ್ತು ಚೌಕ. ವೋಲ್ಟೇಜಿಗೆ ಆ ಎಎ ಸೆಲ್ಲು: ಮೀಟರಿನಲ್ಲಿ 1.6 ವೋಲ್ಟ್ ಇದ್ದರೆ, 0.5 ವೋಲ್ಟ್ ಸ್ಥಾನದಲ್ಲಿ ಟ್ರೇಸ್ ಮೂರು ಚೌಕ ಮತ್ತು ಒಂದು ಸಣ್ಣ ಗೆರೆ (ಚೌಕದ ಐದನೇ ಒಂದು ಭಾಗ) ಏರಬೇಕು. ಇಂಥ ಸಿಆರ್‌ಒಗಳ ನಿಖರತೆ ಶೇಕಡಾ 3ರ ಆಸುಪಾಸು, ಅಂದರೆ ಅರ್ಧ ಗೆರೆಯಷ್ಟು ವ್ಯತ್ಯಾಸ ತಪ್ಪಲ್ಲ. ಅಳೆಯುವ ಮುಂಚೆ ಎರಡೂ ಚಾನೆಲ್ಲಿನ ಮತ್ತು ಟೈಂಬೇಸಿನ ಪುಟ್ಟ ವೇರಿಯಬಲ್ ನಾಬುಗಳು ‘ಕ್ಯಾಲ್’ ಕಡೆಗೆ ಪೂರ್ತಿ ತಿರುಗಿ ಟಕ್ ಎಂದು ಕೂತಿರಬೇಕು. ಇದನ್ನು ಮರೆತು ಒಳ್ಳೇ ಸಿಆರ್‌ಒ ಬಿಟ್ಟುಬಂದವರಿದ್ದಾರೆ.

ಕೊನೆಗೆ ಪ್ರೋಬನ್ನು ಹತ್ತಕ್ಕೆ (10x, ಸಿಗ್ನಲ್ಲನ್ನು ಹತ್ತನೇ ಒಂದಕ್ಕೆ ಇಳಿಸುವ ಸ್ಥಾನ) ಬದಲಿಸಿ, ಮುಂದಿರುವ ಕ್ಯಾಲ್ ಕೊಂಡಿಗೆ ಸಿಕ್ಕಿಸಿ. 1 ಕಿಲೋಹರ್ಟ್ಜ್ ಚೌಕಾಕಾರದ ಅಲೆ ಬರುತ್ತದೆ. ಮೂಲೆ ದುಂಡಗಾಗಿದ್ದರೆ ಅಥವಾ ಚೂಪಾಗಿ ಮೇಲೆದ್ದಿದ್ದರೆ ಪ್ರೋಬಿನ ಟ್ರಿಮ್ಮರ್ ತಿರುಗಿಸಿ ಸಪಾಟು ಮಾಡಿ. ಒಂದು ವೋಲ್ಟ್ ಸ್ಥಾನದಲ್ಲಿ ಸರಿಯಾಗಿದ್ದದ್ದು ಇನ್ನೊಂದರಲ್ಲಿ ಓರೆಯಾದರೆ ಒಳಗಿನ ಅಟೆನ್ಯುಯೇಟರ್ ಹೊಂದಾಣಿಕೆ ತಪ್ಪಿದೆ. ಅದು ಮನೆಯಲ್ಲೇ ಸರಿಯಾಗುವ ಕೆಲಸ, ಆದರೆ ಚೌಕಾಸಿಗೆ ಒಳ್ಳೇ ಕಾರಣ.

ಬೆಲೆ ಬಗ್ಗೆ ನಮ್ಮ ಅಭಿಪ್ರಾಯ: ಹೊಸ ಎರಡು ಚಾನೆಲ್ ಡಿಎಸ್‌ಒ ಬೆಲೆಯ ಮೂರನೇ ಒಂದು ಪಾಲು ದಾಟಿದರೆ ಬಿಟ್ಟುಬಿಡಿ. ಪ್ರೋಬು ಇಲ್ಲದಿದ್ದರೆ ಎರಡು ಪ್ರೋಬಿನ ದುಡ್ಡು ಅದರಲ್ಲೇ ಕಳೆಯಿರಿ.

ಪ್ರಶ್ನೆ: ಟಿವಿಯ ಎಸ್‌ಎಂಪಿಎಸ್ (ಸ್ವಿಚಿಂಗ್ ಪವರ್ ಬೋರ್ಡು) ಪ್ರೈಮರಿಯಲ್ಲಿ, ಅಂದರೆ ಲೈನ್ ಸೇರುವ ಬದಿಯಲ್ಲಿ, ಸಿಆರ್‌ಒ ಪ್ರೋಬಿನ ಗ್ರೌಂಡ್ ಕ್ಲಿಪ್ ಹಾಕಿದ ಕೂಡಲೇ ಢಂ ಅಂದು ಎಂಸಿಬಿ ಬಿತ್ತು, ಬೋರ್ಡಿನ ಬ್ರಿಡ್ಜ್ ಡಯೋಡು ಹೋಯಿತು. ಸಿಆರ್‌ಒ ಪ್ಲಗ್ಗಿನ ಅರ್ಥ್ ಪಿನ್ ತೆಗೆದುಬಿಟ್ಟರೆ ಸರಿಹೋಗುತ್ತದೆ ಎನ್ನುತ್ತಾರೆ. ನಿಜವೇ? — ಓದುಗರು, ಅರಸೀಕೆರೆ

ಉತ್ತರ: ದಯವಿಟ್ಟು ಆ ಪಿನ್ನನ್ನು ತೆಗೆಯಬೇಡಿ. ತೆಗೆದರೆ ಎಂಸಿಬಿ ಬೀಳುವುದು ನಿಲ್ಲುತ್ತದೆ ನಿಜ, ಆದರೆ ಸಿಆರ್‌ಒದ ಲೋಹದ ಮೈ, ಬಿಎನ್‌ಸಿ ಸಾಕೆಟ್ಟು, ಇನ್ನೊಂದು ಪ್ರೋಬಿನ ಕ್ಲಿಪ್ಪು ಎಲ್ಲವೂ ಲೈನಿನ ವೋಲ್ಟೇಜಿಗೆ ಏರಿ ಕೂರುತ್ತವೆ. ನಾಬು ತಿರುಗಿಸಲು ಕೈ ಇಟ್ಟವರ ಜೀವಕ್ಕೇ ಅಪಾಯ.

ಆದದ್ದು ಹೀಗೆ: ಗ್ರೌಂಡ್ ಕ್ಲಿಪ್ಪು ಸಿಆರ್‌ಒ ಒಳಗೆ ನೇರವಾಗಿ ಅರ್ಥ್ ಪಿನ್ನಿಗೆ ಸೇರಿದೆ. ನಿಮ್ಮ ಬೋರ್ಡಿನ ಬ್ರಿಡ್ಜಿನ ಮೈನಸ್ ತುದಿ ಭೂಮಿಗೆ ಸಮನಾಗಿಲ್ಲ, ಅರ್ಧ ಸೈಕಲ್ಲಿನಲ್ಲಿ ಅದು ಡಯೋಡಿನ ಮೂಲಕ ಫೇಸಿಗೆ ಅಂಟಿಕೊಂಡಿರುತ್ತದೆ. ಕ್ಲಿಪ್ ಹಾಕಿದ್ದೇ ತಡ, ಫೇಸಿನಿಂದ ಡಯೋಡು, ಕ್ಲಿಪ್ಪು, ಅರ್ಥ್ ಎಂದು ಪೂರ್ತಿ ಶಾರ್ಟ್.

ಇದಕ್ಕೆ ಪರಿಹಾರ, ಲೈನಿಗೂ ಬೋರ್ಡಿಗೂ ನೇರ ತಂತಿ ಸಂಪರ್ಕ ಇಲ್ಲದಂತೆ ಬೇರ್ಪಡಿಸುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್. ಅದನ್ನು ಹಾಕಬೇಕಾದದ್ದು ರಿಪೇರಿಗೆ ಬಂದ ಬೋರ್ಡಿಗೆ, ಸಿಆರ್‌ಒಗಲ್ಲ. 230ರಿಂದ 230ಕ್ಕೆ, 200ರಿಂದ 500 ವಿಎ ಇದ್ದರೆ ಟಿವಿ ಕೆಲಸಕ್ಕೆ ಸಾಕು. ಸೆಕೆಂಡ್‌ಹ್ಯಾಂಡ್‌ನಲ್ಲಿ ಕೊಳ್ಳಲು ಇದಕ್ಕಿಂತ ಒಳ್ಳೇ ವಸ್ತು ಕಡಿಮೆ, ತಾಮ್ರಕ್ಕೂ ಕಬ್ಬಿಣಕ್ಕೂ ಬೇಗ ವಯಸ್ಸಾಗುವುದಿಲ್ಲ. ಆದರೆ ಡಿಮ್ಮರ್‌ಸ್ಟಾಟನ್ನೋ (ನಾಬು ತಿರುಗಿಸಿ ವೋಲ್ಟೇಜು ಬದಲಿಸುವಂಥದ್ದು) ಹಳೇ ಸ್ಟೆಬಿಲೈಸರನ್ನೋ ಇದೇ ಅಂತ ಕೊಟ್ಟಾರು, ಅವೆರಡೂ ಇನ್‌ಪುಟ್ಟಿಗೂ ಔಟ್‌ಪುಟ್ಟಿಗೂ ಒಂದೇ ತಂತಿ ಸುರುಳಿ ಇರುವ ಆಟೋಟ್ರಾನ್ಸ್‌ಫಾರ್ಮರುಗಳು. ಇನ್‌ಪುಟ್ಟಿನ ಎರಡು ವೈರಿನಿಂದ ಔಟ್‌ಪುಟ್ಟಿನ ಎರಡು ವೈರಿಗೆ, ಔಟ್‌ಪುಟ್ಟಿನಿಂದ ಲೋಹದ ಮೈಗೆ, ಮೀಟರಿನಲ್ಲಿ ಎಲ್ಲೂ ಕಂಟಿನ್ಯೂಟಿ ಬರಕೂಡದು.

ಐಸೊಲೇಷನ್ ಇದ್ದಾಗಲೂ ಎರಡು ಪ್ರೋಬಿನ ಕ್ಲಿಪ್ಪುಗಳನ್ನು ಬೇರೆ ಬೇರೆ ಜಾಗಕ್ಕೆ ಹಾಕಬೇಡಿ, ಒಳಗೆ ಅವು ಒಂದೇ. ಟ್ರಾನ್ಸ್‌ಫಾರ್ಮರಿನ ಆಚೆ ಬದಿಯಲ್ಲಿ ಆರ್‌ಸಿಸಿಬಿ (ಶಾಕ್ ಹೊಡೆದಾಗ ಕರೆಂಟು ಕಡಿಯುವ ಸ್ವಿಚ್ಚು) ನಿಮ್ಮನ್ನು ಕಾಯುವುದಿಲ್ಲ ಎಂಬುದೂ ನೆನಪಿರಲಿ. ಮುಖ್ಯ ಕೆಪಾಸಿಟರಿನಲ್ಲಿ 325 ವೋಲ್ಟ್ ಡಿಸಿ ನಿಂತಿರುತ್ತದೆ. ಪ್ಲಗ್ ತೆಗೆದು, 2.2 ಕಿಲೋ ಓಮ್, 10 ವ್ಯಾಟಿನ ರೆಸಿಸ್ಟರನ್ನು ಇನ್ಸುಲೇಷನ್ ಇರುವ ವೈರಿನಿಂದ ಐದು ಸೆಕೆಂಡು ಹಿಡಿದು, ಮೀಟರಿನಲ್ಲಿ ಅಳೆದು ಸೊನ್ನೆಯಾದ ಮೇಲೆ ಕೈ ಹಾಕಿ. ಸ್ವಿಚಿಂಗ್ ಮಾಸ್‌ಫೆಟ್ಟಿನ ಡ್ರೈನಿನಲ್ಲಿ 600 ವೋಲ್ಟಿನ ಮೇಲೂ ಸ್ಪೈಕ್ ಏಳುವುದುಂಟು, ಅಲ್ಲಿಗೆ ನೂರರ (100x) ಪ್ರೋಬೇ ಬೇಕು.

ಟ್ರಾನ್ಸ್‌ಫಾರ್ಮರ್ ಸಿಗುವವರೆಗೆ ಇನ್ನೊಂದು ದಾರಿ ಇದೆ. ಎರಡೂ ಪ್ರೋಬನ್ನು ಹತ್ತಕ್ಕಿಡಿ, ಎರಡೂ ಚಾನೆಲ್ಲನ್ನು 5 ವೋಲ್ಟ್ ಸ್ಥಾನಕ್ಕಿಡಿ, ಎರಡನೆಯದನ್ನು ಇನ್ವರ್ಟ್ ಮಾಡಿ ಆ್ಯಡ್ ಒತ್ತಿ. ಗ್ರೌಂಡ್ ಕ್ಲಿಪ್ಪುಗಳನ್ನು ಬೋರ್ಡಿಗೆ ಹಾಕದೆ ಒಂದಕ್ಕೊಂದು ಸಿಕ್ಕಿಸಿಬಿಡಿ. ಎರಡು ತುದಿಗಳ ನಡುವಿನ ವೋಲ್ಟೇಜು ಮಾತ್ರ ಕಾಣುತ್ತದೆ. ಹತ್ತರ ಪ್ರೋಬಿನಿಂದ ಒಂದು ಚೌಕ 50 ವೋಲ್ಟ್ ಆಗುವುದರಿಂದ 325 ವೋಲ್ಟ್ ಆರೂವರೆ ಚೌಕದಲ್ಲಿ ಹಿಡಿಯುತ್ತದೆ. ವೇಗದ ಅಂಚುಗಳು ಇದರಲ್ಲಿ ಸ್ವಚ್ಛವಾಗಿ ಬರುವುದಿಲ್ಲ.

ಪ್ರಶ್ನೆ: ಮಳೆಗಾಲ ಶುರುವಾದರೆ ನನ್ನ ಹಳೇ ಸಿಆರ್‌ಒದಲ್ಲಿ ಚರಚರ ಸದ್ದು, ನಾಬು ಮುಟ್ಟಿದರೆ ಟ್ರೇಸ್ ಹಾರುತ್ತದೆ. ಬೇಸಿಗೆಯಲ್ಲಿ ಏನೂ ಇಲ್ಲ. — ಓದುಗರು, ಮೂಡಿಗೆರೆ

ಉತ್ತರ: ಎರಡು ಬೇರೆ ಬೇರೆ ತೊಂದರೆಗಳು. ಚರಚರ ಸದ್ದಿನ ಜೊತೆ ಓಝೋನಿನ ಘಾಟು ವಾಸನೆ ಇದ್ದರೆ ಹೈವೋಲ್ಟೇಜ್ ಭಾಗದಲ್ಲಿ ಸೋರಿಕೆ. 20 ಮೆಗಾಹರ್ಟ್ಜ್ ಸಿಆರ್‌ಒಗಳಲ್ಲಿ ಸುಮಾರು 2 ಕಿಲೋವೋಲ್ಟ್ ಇರುತ್ತದೆ, 100 ಮೆಗಾಹರ್ಟ್ಜ್‌ನವಲ್ಲಿ ಹತ್ತು ಕಿಲೋವೋಲ್ಟಿನ ಮೇಲೆ. ಧೂಳಿನ ಪದರ ತೇವ ಹೀರಿತೆಂದರೆ ಅದೇ ಕರೆಂಟಿಗೆ ದಾರಿ. ಪ್ಲಗ್ ತೆಗೆದು ಒಂದು ರಾತ್ರಿ ಬಿಟ್ಟು, ಹೈವೋಲ್ಟೇಜ್ ತುದಿಯನ್ನು ರೆಸಿಸ್ಟರಿನ ಮೂಲಕ ಚಾಸಿಸ್ಸಿಗೆ ಡಿಸ್ಚಾರ್ಜ್ ಮಾಡಿ, ಮೆತ್ತನೆ ಬ್ರಷ್ಷಿನಿಂದ ಧೂಳು ತೆಗೆದು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ. ಪೂರ್ತಿ ಆರಿದ ಮೇಲೇ ಆನ್ ಮಾಡಿ.

ನಾಬಿನ ತೊಂದರೆ ಸ್ವಿಚ್ಚಿನ ಕಾಂಟ್ಯಾಕ್ಟಿನದ್ದು. ಕಾಂಟ್ಯಾಕ್ಟ್ ಕ್ಲೀನರ್ ಒಂದೆರಡು ಹನಿ ಬಿಟ್ಟು ನಾಬನ್ನು ಇಪ್ಪತ್ತು ಸಲ ತಿರುಗಿಸಿ. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಹೊಡೆಯಬೇಡಿ, ಅದರ ಜಿಡ್ಡು ಮುಂದಿನ ಮಳೆಗಾಲಕ್ಕೆ ಧೂಳನ್ನೆಲ್ಲ ಹಿಡಿದು ಕೂರುತ್ತದೆ. ಹಳೇ ಟೆಕ್ಟ್ರಾನಿಕ್ಸ್ ಸ್ಕೋಪುಗಳ ಕ್ಯಾಮ್ ಸ್ವಿಚ್ಚುಗಳಿಗೆ ಸ್ಪ್ರೇಯೇ ಬೇಡ: ಬಿಳಿ ಕಾಗದದ ಪಟ್ಟಿಯನ್ನು ಆಲ್ಕೋಹಾಲಿನಲ್ಲಿ ಅದ್ದಿ, ಕಾಂಟ್ಯಾಕ್ಟಿನ ನಡುವೆ ಇಟ್ಟು ಮೆಲ್ಲಗೆ ಎಳೆಯಿರಿ. ಕಾಗದದ ಮೇಲೆ ಕಪ್ಪು ಗೆರೆ ಬರುವುದು ನಿಲ್ಲುವವರೆಗೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೆ ಎರಡು ಸಲವಾದರೂ ಅರ್ಧ ಗಂಟೆ ಆನ್ ಮಾಡಿ. ಅದರ ಬಿಸಿಯೇ ಅದಕ್ಕೆ ಔಷಧಿ. ಉಪಕರಣಗಳನ್ನು ಬಾಗಿಲಿರುವ ಬೀರುವಿನಲ್ಲಿಟ್ಟು ಕೆಳಗೆ 15 ವ್ಯಾಟಿನ ತಂತಿ ಬಲ್ಬು ಉರಿಸಿದರೆ ಮಲೆನಾಡಿನ ಬೂಷ್ಟು ಹತ್ತಿರ ಬರುವುದಿಲ್ಲ.

ಪ್ರಶ್ನೆ: ಅಮೆರಿಕದಿಂದ ಬಂದ ಹಳೇ ಸ್ಕೋಪು ಸಿಕ್ಕಿದೆ, ಹಿಂದೆ 120 ವೋಲ್ಟ್ ಎಂದಿದೆ. ನೇರ ಹಾಕಬಹುದೇ? — ಓದುಗರು, ಚಿಕ್ಕಮಗಳೂರು

ಉತ್ತರ: ಹಾಗೇ ಹಾಕಿದರೆ ಸುಡುತ್ತದೆ. ಹಿಂಬದಿಯಲ್ಲಿ ವೋಲ್ಟೇಜ್ ಸೆಲೆಕ್ಟರ್ ಇರುವುದೇ ಹೆಚ್ಚು. ಅದನ್ನು 230 ಅಥವಾ 240ಕ್ಕೆ ಬದಲಿಸಿ, ಫ್ಯೂಸನ್ನೂ ಮೊದಲಿದ್ದದ್ದರ ಸುಮಾರು ಅರ್ಧದಷ್ಟು ಆಂಪಿಯರಿನದ್ದಕ್ಕೆ ಇಳಿಸಿ. ಸರಿಯಾದ ಆಂಪಿಯರ್ ಎಷ್ಟೆಂದು ಹಿಂಬದಿಯಲ್ಲೇ ಅಚ್ಚಾಗಿರುತ್ತದೆ. ಸೆಲೆಕ್ಟರ್ ಇಲ್ಲದಿದ್ದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಅದರಲ್ಲಿ ಅರ್ಥ್ ವೈರು ಮುಂದುವರಿದಿರಬೇಕು.

ಆನ್ ಮಾಡುವ ಮುಂಚೆ ಮುಚ್ಚಳ ಬಿಚ್ಚಿ, ಲೈನ್ ಬರುವ ಜಾಗದಲ್ಲಿ ಜೇನುಬಣ್ಣದ ಪಾರದರ್ಶಕ ಡಬ್ಬಿಯಂಥ ಕೆಪಾಸಿಟರ್ ಇದೆಯೇ ನೋಡಿ. ರಿಫಾ ಎಂಬ ಹೆಸರಿನವು. ಒಳಗಿರುವುದು ಕಾಗದ. ಹೊರಗಿನ ಅಂಟು ಸಣ್ಣಗೆ ಬಿರುಕು ಬಿಟ್ಟರೆ, ಒಣಗಿಸಿದ ಕಾಫಿ ಬೀಜ ಮಳೆಗಾಲದ ಗಾಳಿಗೆ ತೇವ ಎಳೆದುಕೊಳ್ಳುವ ಹಾಗೆ ಆ ಕಾಗದವೂ ಎಳೆದುಕೊಳ್ಳುತ್ತದೆ. ವರ್ಷಗಟ್ಟಲೆ ಸುಮ್ಮನಿದ್ದು, ಆನ್ ಮಾಡಿದ ಅರ್ಧ ಗಂಟೆಯಲ್ಲಿ ಸಿಡಿದು ಮನೆ ತುಂಬಾ ಹೊಗೆ. ಬಿರುಕು ಕಂಡರೂ ಕಾಣದಿದ್ದರೂ ತೆಗೆದುಹಾಕಿ. ಲೈನಿಗೆ ಅಡ್ಡ ಇದ್ದ ಎಕ್ಸ್2 ಜಾಗಕ್ಕೆ ಅಷ್ಟೇ ಮೈಕ್ರೋಫ್ಯಾರಡ್‌ನ 275 ವೋಲ್ಟ್ ಎಸಿ ಎಕ್ಸ್2 ಫಿಲಂ ಕೆಪಾಸಿಟರ್, ಅರ್ಥಿಗೆ ಹೋಗುವ ವೈ ಜಾಗಕ್ಕೆ ವೈ ದರ್ಜೆಯದ್ದೇ ಹಾಕಿ. ಸಾಮಾನ್ಯ ಪಾಲಿಯೆಸ್ಟರ್ ಹಾಕಬೇಡಿ.

ಪ್ರಶ್ನೆ: 0–30 ವೋಲ್ಟ್, 2 ಆಂಪಿಯರಿನ ಹಳೇ ಬೆಂಚ್ ಪವರ್ ಸಪ್ಲೈ ಪರೀಕ್ಷೆ ಮಾಡುವುದು ಹೇಗೆ? — ಓದುಗರು, ಕಡೂರು

ಉತ್ತರ: ಬೈಕಿನ ಇಂಡಿಕೇಟರಿನದ್ದಲ್ಲ, ಕಾರಿನ 12 ವೋಲ್ಟ್ 21 ವ್ಯಾಟಿನ ಬಲ್ಬು ಜೇಬಿನಲ್ಲಿರಲಿ. 12 ವೋಲ್ಟಿಗೆ ಅದು 1.75 ಆಂಪಿಯರ್ ಎಳೆಯುತ್ತದೆ, 2 ಆಂಪಿಯರಿನ ಸಪ್ಲೈಗೆ ಹೇಳಿ ಮಾಡಿಸಿದ ಲೋಡು.

ಲೋಡಿಲ್ಲದೆ ವೋಲ್ಟೇಜ್ ನಾಬನ್ನು ಸೊನ್ನೆಯಿಂದ 30ರವರೆಗೆ ನಿಧಾನ ತಿರುಗಿಸಿ. ನಡುವೆ ವೋಲ್ಟೇಜು ಹಾರಿದರೆ ನಾಬಿನ ಹಿಂದಿನ ಪಾಟ್ (ವೇರಿಯಬಲ್ ರೆಸಿಸ್ಟರು) ಸವೆದಿದೆ, ಹೊಸದು ಹಾಕಿದರೆ ಮುಗಿಯಿತು. ನಾಬು ಎಲ್ಲಿಗೆ ತಿರುಗಿಸಿದರೂ 35–40 ವೋಲ್ಟೇ ಬರುತ್ತಿದ್ದರೆ ಪಾಸ್ ಟ್ರಾನ್ಸಿಸ್ಟರ್ (ಔಟ್‌ಪುಟ್ಟಿಗೆ ಹೋಗುವ ಕರೆಂಟನ್ನು ಹಿಡಿತದಲ್ಲಿಡುವುದು) ಶಾರ್ಟ್. ಅದು ಬಹುಪಾಲು 2ಎನ್3055. ಅದರ ಲೋಹದ ಮೈಯೇ ಕಲೆಕ್ಟರು, ಆದ್ದರಿಂದ ಹೊಸದು ಕೂರಿಸುವಾಗ ಮೈಕಾ ಮತ್ತು ಹೀಟ್‌ಸಿಂಕ್ ಪೇಸ್ಟು ಹಾಕಿ, ಮೈಗೂ ಹೀಟ್‌ಸಿಂಕಿಗೂ ಕಂಟಿನ್ಯೂಟಿ ಇಲ್ಲವೆಂದು ನೋಡಿಕೊಂಡು ಕರೆಂಟು ಕೊಡಿ. ಮಾರುಕಟ್ಟೆಯಲ್ಲಿ ನಕಲಿ 2ಎನ್3055 ಬಹಳ ಇವೆ, ತೂಕ ಹಗುರ ಎನಿಸಿದರೆ ಬೇಡ.

ನಂತರ 5 ವೋಲ್ಟಿಗಿಟ್ಟು, ಕರೆಂಟ್ ನಾಬನ್ನು ಸೊನ್ನೆಗೆ ತಂದು, ಎರಡು ಟರ್ಮಿನಲ್ಲನ್ನು ದಪ್ಪ ವೈರಿನಿಂದ ಶಾರ್ಟ್ ಮಾಡಿ ಮೆಲ್ಲಗೆ 1 ಆಂಪಿಯರ್‌ವರೆಗೆ ಏರಿಸಿ. ಕರೆಂಟು ಅಲ್ಲೇ ನಿಂತರೆ ಲಿಮಿಟ್ ಸರಿ ಇದೆ. ಬಲ್ಬು ಹಾಕಿದಾಗ 12 ವೋಲ್ಟು ಕೆಲವು ಹತ್ತು ಮಿಲಿವೋಲ್ಟಿಗಿಂತ ಹೆಚ್ಚು ಇಳಿಯಬಾರದು. ಇಳಿದರೆ ಫಿಲ್ಟರ್ ಕೆಪಾಸಿಟರ್ ಒಣಗಿರಬಹುದು. ಯಾರೂ ಮಾಡದ ಒಂದು ಪರೀಕ್ಷೆ ಉಳಿಯಿತು: 5 ವೋಲ್ಟಿಗಿಟ್ಟು, ಲೋಡಿಲ್ಲದೆ, ಸ್ವಿಚ್ಚು ಹಾಕಿ ತೆಗೆಯುವಾಗ ಮುಳ್ಳಿನ ಮೀಟರನ್ನೋ ಸಿಆರ್‌ಒವನ್ನೋ ನೋಡಿ. ಆ ಗಳಿಗೆಯಲ್ಲಿ ವೋಲ್ಟೇಜು 5 ದಾಟಿ ಚಿಮ್ಮಿದರೆ, ನಿಮ್ಮ 3.3 ವೋಲ್ಟಿನ ಬೋರ್ಡು ಒಂದು ದಿನ ಇದರಿಂದಲೇ ಸಾಯುತ್ತದೆ. ಅಂಥದ್ದು ಬೇಡ.

ಪ್ರಶ್ನೆ: ಹಳೇ ಫ್ಲೂಕ್ ಮೀಟರ್ ನಿಖರವಾಗಿದೆಯೋ ಇಲ್ಲವೋ ಮನೆಯಲ್ಲಿ ತಿಳಿಯುವುದು ಹೇಗೆ? ಇನ್ವರ್ಟರ್ ಅಳೆದಾಗ 255 ವೋಲ್ಟ್ ತೋರಿಸುತ್ತದೆ. — ಓದುಗರು, ಬೇಲೂರು

ಉತ್ತರ: ಎಡಿ584 ಎಂಬ ಐಸಿಯ ರೆಫರೆನ್ಸ್ ಬೋರ್ಡು ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. 2.5, 5, 7.5, 10 ವೋಲ್ಟ್ ಕೊಡುತ್ತದೆ. ಓಮ್ಸಿಗೆ ಶೇಕಡಾ 0.1ರ ರೆಸಿಸ್ಟರುಗಳು, 1 ಕಿಲೋ, 100 ಕಿಲೋ, 1 ಮೆಗಾ ಒಂದೊಂದು ಸಾಕು. ರಿಪೇರಿ ಕೆಲಸಕ್ಕೆ ಇದಕ್ಕಿಂತ ಕ್ಯಾಲಿಬ್ರೇಷನ್ ಬೇಕಿಲ್ಲ.

ನಿಖರತೆಗಿಂತ ನಾವು ಹೆಚ್ಚು ಗಮನ ಕೊಡುವುದು ಫ್ಯೂಸಿಗೆ. ಹಿಂದಿನವರು ಒಳಗೆ ತಾಮ್ರದ ಎಳೆಯನ್ನೋ ಸಿಗರೇಟಿನ ಬೇಗಡೆಯನ್ನೋ ಸುತ್ತಿರುತ್ತಾರೆ. ಅಂಥ ಮೀಟರು ಕರೆಂಟ್ ಸಾಕೆಟ್ಟಿನಲ್ಲಿದ್ದಾಗ ತಪ್ಪಿ ಮೈನ್ಸಿಗೆ ಹಿಡಿದರೆ ಕೈಯಲ್ಲೇ ಸಿಡಿಯುತ್ತದೆ. ಗಾಜಿನ ಫ್ಯೂಸೂ ಬೇಡ, ಅದೇ ಅಳತೆಯ, ಅದೇ ವೋಲ್ಟೇಜಿನ ಎಚ್‌ಆರ್‌ಸಿ (ದೊಡ್ಡ ಶಾರ್ಟ್ ಕರೆಂಟನ್ನೂ ಸಿಡಿಯದೆ ಕಡಿಯುವ) ಫ್ಯೂಸೇ ಬೇಕು. ಬ್ಯಾಟರಿ ಕೋಣೆಯಲ್ಲಿ ಹಸಿರು ಪುಡಿ ಇದ್ದರೆ ತಂತಿ ಬೋರ್ಡು ಸೇರುವ ಜಾಗದವರೆಗೂ ನೋಡಿ. ಡಿಸ್‌ಪ್ಲೇಯಲ್ಲಿ ಗೆರೆಗಳು ಮಾಯವಾಗಿದ್ದರೆ ಹೆದರಬೇಡಿ, ಗಾಜಿಗೂ ಬೋರ್ಡಿಗೂ ನಡುವಿನ ರಬ್ಬರ್ ಪಟ್ಟಿಯನ್ನು ಆಲ್ಕೋಹಾಲಿನಿಂದ ಒರೆಸಿದರೆ ಸಾಮಾನ್ಯವಾಗಿ ಮರಳಿ ಬರುತ್ತವೆ.

255ರ ಲೆಕ್ಕ ಹೀಗೆ: ಟ್ರೂ ಆರ್‌ಎಂಎಸ್ (ಯಾವ ಆಕಾರದ ಅಲೆಗೂ ಸರಿಯಾದ ವೋಲ್ಟೇಜು ತೋರಿಸುವಂಥದ್ದು) ಅಲ್ಲದ ಮೀಟರು ಸರಾಸರಿ ಅಳೆದು 1.11ರಿಂದ ಗುಣಿಸಿ ತೋರಿಸುತ್ತದೆ. ಸೈನ್ ಅಲೆಗೆ ಅದು ಸರಿ, ಚೌಕದ ಅಲೆಗೆ ಶೇಕಡಾ 11 ಹೆಚ್ಚು. 230ನ್ನು 1.11ರಿಂದ ಗುಣಿಸಿ ನೋಡಿ. ನಿಮ್ಮದು ಚೌಕದ ಅಲೆಯ ಇನ್ವರ್ಟರಾದರೆ ಅದೂ ಸರಿ ಇದೆ, ಮೀಟರೂ ಸರಿ ಇದೆ.

ಪ್ರಶ್ನೆ: ಹರಾಜಿನಲ್ಲಿ ಹಳೇ ದೊಡ್ಡ ಡಿಜಿಟಲ್ ಸ್ಕೋಪು ಬಂದಿದೆ. ಹೊಸ ಸಣ್ಣ ಡಿಎಸ್‌ಒ ಒಳ್ಳೆಯದೋ, ಅದೋ? — ಓದುಗರು, ಸಕಲೇಶಪುರ

ಉತ್ತರ: ಹೊಸದು. ಟೆಕ್ಟ್ರಾನಿಕ್ಸ್ ಟಿಡಿಎಸ್ 500 ಸರಣಿಯಂಥವುಗಳಲ್ಲಿ ಸರ್ಫೇಸ್ ಮೌಂಟ್ ಕೆಪಾಸಿಟರುಗಳು ಸೋರಿ ಟ್ರ್ಯಾಕುಗಳನ್ನೇ ತಿಂದಿರುತ್ತವೆ, ಮುಚ್ಚಳ ತೆಗೆದಾಗ ಮೀನಿನ ವಾಸನೆ ಬರುತ್ತದೆ. 2465ಬಿಯಂಥ ಅನಲಾಗ್ ಮಾದರಿಯಲ್ಲೂ ಕ್ಯಾಲಿಬ್ರೇಷನ್ ಅಂಕಿಗಳು ಬ್ಯಾಟರಿ ಅಡಕವಾದ ಮೆಮೊರಿ ಚಿಪ್ಪಿನಲ್ಲಿವೆ. ಬ್ಯಾಟರಿ ಸತ್ತರೆ ಅಂಕಿಗಳೂ ಹೋದವು. ಸೆಲ್ಫ್ ಟೆಸ್ಟ್ ಪೂರ್ತಿ ಪಾಸಾಗುವುದನ್ನು ಕಣ್ಣಾರೆ ಕಂಡರೆ ಮಾತ್ರ ಯೋಚಿಸಿ. ‘ಇದ್ದ ಸ್ಥಿತಿಯಲ್ಲೇ’ ಎನ್ನುವ ಹರಾಜಿನಲ್ಲಿ ಆ ಅವಕಾಶ ಸಿಗುವುದು ಕಡಿಮೆ.

ಪ್ರಶ್ನೆ: ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ಸಿಆರ್‌ಒ ಬಸ್ಸಿನಲ್ಲಿ ತರಬಹುದೇ? — ಓದುಗರು, ಹೊಳೆನರಸೀಪುರ

ಉತ್ತರ: ತರಬಹುದು, ಡಿಕ್ಕಿಯಲ್ಲಿ ಮಾತ್ರ ಹಾಕಬೇಡಿ. ಪಿಕ್ಚರ್ ಟ್ಯೂಬಿನ ಕುತ್ತಿಗೆ ಗಾಜಿನದ್ದು, ಕುಲುಕಿಗೆ ಒಡೆಯುವುದು ಅಲ್ಲೇ. ನಾಬುಗಳ ಮುಂದೆ ಎರಡು ಇಂಚು ಫೋಮ್ ಕಟ್ಟಿ, ಪರದೆ ಮೇಲ್ಮುಖವಾಗಿರುವ ಹಾಗೆ ಕಾಲಿನ ಹತ್ತಿರ ಇಟ್ಟುಕೊಳ್ಳಿ. ಭಾನುವಾರ ಅಲ್ಲಿ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ. ಮಳೆಯ ದಿನ ತಂದರೆ ಮನೆಗೆ ಬಂದ ಕೂಡಲೇ ಪ್ಲಗ್ ಹಾಕದೆ, ಮುಚ್ಚಳ ತೆಗೆದು ಒಂದು ರಾತ್ರಿ ಆರಲು ಬಿಡಿ. ಮಾರನೆಯ ದಿನ ಸೀರೀಸ್ ಬಲ್ಬಿನಿಂದಲೇ ಶುರು ಮಾಡಿ.